ಗಾಳಿ ತಂದ ನೀರು, ಗಾಳಿ ಒಯ್ದ ನೀರು

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತಿತ್ತು. ಎಂಟು ದಿನ ಒಣಗಿದ್ದ ಪೈಪಿನೊಳಗೆ ದೂರದಲ್ಲೆಲ್ಲೋ ನೀರು ಹೊರಟಿತೆಂದರೆ, ಅದು ತನ್ನ ಮುಂದಿದ್ದ ಗಾಳಿಯನ್ನು ತಳ್ಳಿಕೊಂಡೇ ಬರಬೇಕು. ತೆರೆದಿಟ್ಟ ನಳ ಮೊದಲು ಬುಸ್ಸೆನ್ನುತ್ತಿತ್ತು, ಎರಡು ಸಲ ಕೆಮ್ಮುತ್ತಿತ್ತು, ಆಮೇಲೆ ಒಂದಿಷ್ಟು ಕೆಂಪು ನೀರು ಉಗುಳುತ್ತಿತ್ತು. ಆ ಬುಸ್ಸೆಂಬ ಸದ್ದಿಗೆ ಅವ್ವ ನಡುರಾತ್ರಿಯಲ್ಲೂ ಎದ್ದು ಕೊಡ ಹೊಂದಿಸುತ್ತಿದ್ದಳು.

ಈಗ ನಾನು ಸಂಶೋಧನೆಗೆಂದು ಬಂದಿರುವ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪ್ರತಿ ಅಕ್ಟೋಬರಿನಲ್ಲಿ ಅದೇ ಸದ್ದನ್ನು ಕೇಳುತ್ತೇನೆ. ಅರ್ಥ ಮಾತ್ರ ಉಲ್ಟಾ. ನಾನು ಬಾಡಿಗೆಗಿರುವ ಮನೆಯ ಹಿತ್ತಲಿನಲ್ಲಿ ಮನೆಯ ಮಾಲೀಕರ ಕ್ಯಾಂಪರ್ ನಿಂತಿದೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ, ಒಳಗೆ ಮಂಚ, ಒಲೆ, ಸಿಂಕು, ಪುಟ್ಟ ಸ್ನಾನದ ಕೋಣೆ ಎಲ್ಲ ಇರುವ ಗಾಲಿಮನೆ ಅದು. ಚಳಿಗಾಲ ಬರುವ ಮುನ್ನ ಅದರ ನೀರಿನ ಪೈಪುಗಳನ್ನು ಪೂರ್ತಿ ಖಾಲಿ ಮಾಡಬೇಕು. ಕಂಪ್ರೆಸರ್ ಹಚ್ಚಿ ಪೈಪಿನೊಳಗೆ ಗಾಳಿ ಬಿಟ್ಟು, ಒಂದೊಂದೇ ನಲ್ಲಿ ತೆರೆದು, ಉಳಿದ ನೀರನ್ನೆಲ್ಲ ಊದಿ ಹೊರಹಾಕಬೇಕು. ನಲ್ಲಿ ಕೆಮ್ಮುತ್ತದೆ, ಉಗುಳುತ್ತದೆ, ಕೊನೆಗೆ ಬರೀ ಬುಸ್ಸೆನ್ನುತ್ತದೆ. ಇಲ್ಲಿ ಆ ಸದ್ದು ಬಂದರೆ ನೀರು ಮುಗಿಯಿತು, ಕೆಲಸವೂ ಮುಗಿಯಿತು ಎಂದರ್ಥ.

ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ ಅಂದಳು: "ಇಲ್ಲೆ ನಾವು ನಳಾ ಯಾವಾಗ ಬರತೈತೋ ಅಂತ ಕಾಕೋತ ಕುಂದರತೇವಿ. ನೀ ನೋಡಿದರ ಅಲ್ಲೆ ಇದ್ದ ನೀರ ಊದಿ ಚೆಲ್ಲಾಕತ್ತೀ. ಹುಚ್ಚ ಹಿಡದೈತೇನ?"

ನನ್ನ ವಿಷಯ ತಂತ್ರಜ್ಞಾನದ ಚರಿತ್ರೆ. ನನ್ನ ಪ್ರಬಂಧ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಸೀಮೆಯ ಟ್ರೇಲರುಗಳಲ್ಲಿ ಬದುಕಿದ ಕಾರ್ಮಿಕರ ಕುರಿತದ್ದು. ಹಾಗಾಗಿ ಹಿತ್ತಲಿನ ಈ ಕೆಲಸವನ್ನು ಮೊದಲು ಒಪ್ಪಿಕೊಂಡದ್ದು ಅರ್ಧ ಕುತೂಹಲಕ್ಕೆ, ಅರ್ಧ ಆ ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತೇನೆಂದು ಅವರು ಹೇಳಿದ್ದಕ್ಕೆ.

ಮಾಲೀಕರು ನನ್ನ ಕೈಗೆ ಕೊಟ್ಟದ್ದು ಬೆರಳುದ್ದದ ಒಂದು ಹಿತ್ತಾಳೆಯ ತುಂಡು. ಅದರ ಒಂದು ತುದಿ ತೋಟದ ನೀರಿನ ಪೈಪಿಗೆ ಕೂರುವ ತಿರುಪು. ಅದನ್ನು ಕ್ಯಾಂಪರಿನ ಹೊರಮೈಯಲ್ಲಿ ನೀರು ಒಳಹೋಗುವ ಬಾಯಿಗೆ ತಿರುಗಿಸಿ ಬಿಗಿಯಬೇಕು. ಇನ್ನೊಂದು ತುದಿ ನೋಡಿ ನಗು ಬಂತು. ಅದು ನಮ್ಮ ಸ್ಕೂಟರ್ ಟ್ಯೂಬಿನ ವಾಲ್ವು! ನಮ್ಮೂರ ಸೈಕಲ್ಲುಗಳಿಗೆ ರಬ್ಬರಿನ ವಾಲ್‌ಟ್ಯೂಬ್ ಹಾಕುವ ಬೇರೆಯೇ ವಾಲ್ವು ಇರುತ್ತಿತ್ತು. ಇದು ಸ್ಕೂಟರಿನದು, ಕಾರಿನದು, ನಡುವೆ ಪುಟ್ಟ ಸೂಜಿ ಇರುವಂಥದ್ದು. ಇದಕ್ಕೆ ಶ್ರೇಡರ್ ವಾಲ್ವ್ ಎಂಬ ಹೆಸರಿದೆ. ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ ಕುಟುಂಬ ಟೈರುಗಳಿಗೆಂದು 1893ರಲ್ಲಿ ಇದರ ಪೇಟೆಂಟ್ ಪಡೆಯಿತು. ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅಷ್ಟೇ ಅದರ ಗುಣ. ನೂರ ಮೂವತ್ತು ವರ್ಷ ದಾಟಿದರೂ ಅದರ ಕೆಲಸ ಕಿತ್ತುಕೊಳ್ಳುವ ಇನ್ನೊಂದು ವಸ್ತು ಬಂದಿಲ್ಲ.

ಆದರೆ ಈ ವಾಲ್ವು ಗಾಲಿಮನೆಗೆ ಮೊದಲು ಬಂದದ್ದು ನೀರನ್ನು ಓಡಿಸುವುದಕ್ಕಲ್ಲ, ನೀರನ್ನು ತರುವುದಕ್ಕೆ.

ಈ ಕತೆಯನ್ನು ರೈಲಿನಿಂದ ಹಿಡಿಯಬೇಕು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒತ್ತಡದ ಗಾಳಿ ಓಡತೊಡಗಿದ ಮೇಲೆ, ಬ್ರೇಕು ಒತ್ತಿ ಮಿಕ್ಕ ಆ ಗಾಳಿಯಿಂದ ಬೇರೆ ಕೆಲಸವನ್ನೂ ಮಾಡಿಸಬಹುದಲ್ಲ ಎಂಬ ಯೋಚನೆ ಬಂತು. ಪುಲ್‌ಮನ್ ಕಂಪನಿಯ ಶಯನಡಬ್ಬಿಗಳಲ್ಲಿ ನೀರಿನ ತೊಟ್ಟಿ ಕೆಳಗಡೆ ಇದ್ದರೂ ಮೇಲಿನ ಬೇಸಿನ್ನಿಗೆ ನೀರು ಏರಿದ್ದು ಇದೇ ಉಪಾಯದಿಂದ: ಬ್ರೇಕಿನ ಗಾಳಿಯಲ್ಲಿ ಸ್ವಲ್ಪ ಪಾಲನ್ನು ತೊಟ್ಟಿಗೆ ಬಿಡು, ಗಾಳಿ ನೀರನ್ನು ಒತ್ತುತ್ತದೆ, ನೀರು ಮೇಲೇರುತ್ತದೆ. ಪಂಪು ಬೇಡ, ಮಾಳಿಗೆಯ ಮೇಲೆ ಭಾರದ ಟ್ಯಾಂಕೂ ಬೇಡ.

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೇಲರುಗಳಿಗೆ ಈ ಭಾಗ್ಯ ತಡವಾಗಿ ಬಂತು. 1919ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಸೇರಿ ಸಂಘ ಕಟ್ಟಿಕೊಂಡ 'ಟಿನ್ ಕ್ಯಾನ್ ಟೂರಿಸ್ಟ್'ಗಳಿಗೆ ನೀರೆಂದರೆ ಡಬ್ಬಿ, ಬಕೆಟ್ಟು. ಪೈಪೇ ಇಲ್ಲದ ಮೇಲೆ ಪೈಪು ಒಡೆಯುವ ಭಯವೆಲ್ಲಿ? ಜೊತೆಗೆ ಅವರು ಚಳಿಯಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಹೋದವರು. 1936ರಲ್ಲಿ ವಾಲಿ ಬೈಯಮ್ 'ಏರ್‌ಸ್ಟ್ರೀಮ್ ಕ್ಲಿಪರ್' ಎಂಬ ಅಲ್ಯೂಮಿನಿಯಂ ಮೈಯ ಟ್ರೇಲರನ್ನು ಮಾರುಕಟ್ಟೆಗೆ ತಂದ. ನಾಲ್ಕು ಜನ ಮಲಗಬಹುದು, ವಿದ್ಯುದ್ದೀಪವಿದೆ, ತನ್ನದೇ ನೀರಿನ ಸಂಗ್ರಹವಿದೆ, ಬೆಲೆ 1200 ಡಾಲರ್. ಆರ್ಥಿಕ ಕುಸಿತದ ಆ ದಶಕದಲ್ಲಿ ಅದು ಸಣ್ಣ ಮೊತ್ತವಲ್ಲ.

ಯುದ್ಧ ಮುಗಿದ ಮೇಲೆ, 1950ರ ಮತ್ತು 60ರ ದಶಕಗಳಲ್ಲಿ, ರೈಲಿನ ಆ ಹಳೆಯ ಉಪಾಯ ಟ್ರೇಲರಿಗೆ ಇಳಿಯಿತು. ಗಟ್ಟಿಯಾದ ಒಂದು ಮುಚ್ಚಿದ ತೊಟ್ಟಿ. ಅದಕ್ಕೆ ಮುಕ್ಕಾಲು ಪಾಲು ನೀರು ತುಂಬಿ, ಉಳಿದ ಜಾಗಕ್ಕೆ ಗಾಳಿ ಹೊಡೆಯುವುದು. ಎಲ್ಲಿಂದ ಹೊಡೆಯುವುದು? ಟ್ರೇಲರಿನ ಹೊರಮೈಯಲ್ಲಿ ನೀರು ತುಂಬುವ ಬಾಯಿಯ ಹತ್ತಿರ ಒಂದು ಟೈರಿನ ವಾಲ್ವು ಇಟ್ಟಿರುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಟೈರಿಗೆ ಗಾಳಿ ಹಾಕಿ, ಅದೇ ಕೊಳವೆಯಿಂದ ನೀರಿನ ತೊಟ್ಟಿಗೂ ಹಾಕಿಕೊಳ್ಳಬಹುದು. ಕಾಡಿನ ನಡುವೆ ಆದರೆ ಕೈಪಂಪು. ಒಳಗೆ ಹೆಂಗಸು ಸಿಂಕಿನ ನಲ್ಲಿ ತಿರುಗಿಸಿದರೆ ಮನೆಯಲ್ಲಿ ಬಂದ ಹಾಗೆಯೇ ನೀರು ಬರುತ್ತದೆ. (ಆ ಕಾಲದ ಜಾಹೀರಾತುಗಳಲ್ಲಿ ಸಿಂಕಿನ ಮುಂದೆ ಹೆಂಗಸನ್ನೇ ನಿಲ್ಲಿಸುತ್ತಿದ್ದರು. ಹೊರಗೆ ಗಾಳಿ ಹೊಡೆಯುವವನು ಗಂಡಸು. ಕಾಡಿಗೆ ಹೋದರೂ ಅಡುಗೆಮನೆ ಬೆನ್ನು ಬಿಡಲಿಲ್ಲ.) ಮುಂದೆ ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್ ಬಂತು. ಆಮೇಲೆ, ನಲ್ಲಿ ತೆರೆದರೆ ತಾನೇ ಓಡಿ ಮುಚ್ಚಿದರೆ ತಾನೇ ನಿಲ್ಲುವ ವಿದ್ಯುತ್ ಪಂಪು ಬಂದು ಗಾಳಿಯ ತೊಟ್ಟಿಯನ್ನೇ ಮೂಲೆಗೆ ತಳ್ಳಿತು.

ಹೀಗೆ ಕೆಲಸ ಕಳೆದುಕೊಂಡ ಗಾಳಿ ಮತ್ತೊಂದು ಬಾಗಿಲಿನಿಂದ ಒಳಬಂದಿದೆ. ಅದೇ ಟೈರಿನ ವಾಲ್ವು, ಅದೇ ಒತ್ತಡ. ಈ ಸಲ ನೀರಿನ ಹಿಂದೆ ನಿಂತು ಅದನ್ನು ಮನೆ ಬಿಡಿಸುವುದಕ್ಕೆ. ನಮ್ಮ ವಿಷಯದಲ್ಲಿ ಡೇವಿಡ್ ಎಜರ್ಟನ್ ಅವರಂಥ ಚರಿತ್ರಕಾರರು, ಹೊಸದನ್ನು ಕಂಡುಹಿಡಿದವರ ಕತೆಗಿಂತ ಹಳೆಯದನ್ನು ಬಳಸುತ್ತ, ರಿಪೇರಿ ಮಾಡುತ್ತ ಬಂದವರ ಕತೆ ಬರೆಯಿರಿ ಎಂದು ಬಹಳ ದಿನಗಳಿಂದ ಹೇಳುತ್ತ ಬಂದಿದ್ದಾರೆ. ಒಪ್ಪುವುದು ಸುಲಭ. ಕಷ್ಟ ಏನೆಂದರೆ ಪೇಟೆಂಟುಗಳನ್ನು ಜೋಪಾನವಾಗಿ ಇಡುತ್ತಾರೆ, ರಿಪೇರಿಯನ್ನು ಯಾರೂ ಕಡತದಲ್ಲಿ ಇಡುವುದಿಲ್ಲ. ಅದು ಸಿಗುವುದು ಮಾಲೀಕರ ಕೈಪಿಡಿಯ ಕೊನೆಯ ಪುಟಗಳಲ್ಲಿ, ಪೆನ್ಸಿಲಿನಲ್ಲಿ ಗೀಚಿದ ಸಾಲುಗಳಲ್ಲಿ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನೂ ಯಾರಾದರೂ ಹಾಗೆ ಗೀಚಿಟ್ಟಿದ್ದರೆ ಉಪಕಾರವಾಗುತ್ತಿತ್ತು.

ಕೆಲಸದ ಕ್ರಮ ಹೀಗೆ: ಮೊದಲು ಕುಡಿಯುವ ನೀರಿನ ತೊಟ್ಟಿ ಖಾಲಿ ಮಾಡಬೇಕು. ಬಿಸಿನೀರಿನ ಹಂಡೆಯನ್ನು ಆರಿಸಿ, ತಣಿಯಲು ಬಿಟ್ಟು, ಮೇಲಿನ ವಾಲ್ವು ಎತ್ತಿ ಒತ್ತಡ ಇಳಿಸಿ, ಆಮೇಲಷ್ಟೇ ಕೆಳಗಿನ ಬಿರಡೆ ಬಿಚ್ಚಬೇಕು. ಅವಸರ ಮಾಡಿದರೆ ಕುದಿನೀರು ಮುಖಕ್ಕೇ. ನಂತರ ಹಂಡೆಯನ್ನು ಬಿಟ್ಟು ನೀರು ಸುತ್ತಿಹೋಗುವಂತೆ ಅಡ್ಡವಾಲ್ವು ತಿರುಗಿಸಬೇಕು. ಗಾಳಿಯ ಒತ್ತಡ ಚದರ ಇಂಚಿಗೆ 40 ಪೌಂಡಿನ ಆಸುಪಾಸಿನಲ್ಲಿರಬೇಕು. ಕಾರಿನ ಟೈರಿಗೆ ಹಾಕುವುದಕ್ಕಿಂತ ತುಸು ಹೆಚ್ಚು, ಅಷ್ಟೇ. ಜಾಸ್ತಿ ಬಿಟ್ಟರೆ ಬೇಗ ಮುಗಿಯುತ್ತದೆಂದು ಬಿಟ್ಟವರು ಜೋಡಣೆಗಳನ್ನೇ ಕಿತ್ತುಕೊಂಡಿದ್ದಾರೆ. ನಲ್ಲಿಗಳನ್ನು ಒಂದೊಂದಾಗಿ ತೆರೆಯಬೇಕು, ಮೊದಲು ತಣ್ಣೀರಿನದು, ಆಮೇಲೆ ಬಿಸಿನೀರಿನದು. ಎಲ್ಲ ಒಟ್ಟಿಗೇ ತೆರೆದರೆ ಗಾಳಿ ಹತ್ತಿರದ ಸಲೀಸಾದ ದಾರಿ ಹಿಡಿದು ಹೋಗಿಬಿಡುತ್ತದೆ, ದೂರದ ಪೈಪಿನ ತಗ್ಗಿನಲ್ಲಿ ನೀರು ಹಾಗೇ ಕುಳಿತಿರುತ್ತದೆ. ಶೌಚದ ನೀರು, ಸ್ನಾನದ ಷವರ್, ಎಲ್ಲ ಸುತ್ತಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಕೊನೆಗೆ ಸಿಂಕಿನ ಕೆಳಗಿನ ಬಾಗುಪೈಪುಗಳಿಗೆ ಗುಲಾಬಿ ಬಣ್ಣದ, ಹೆಪ್ಪುಗಟ್ಟದ ದ್ರವ ಸುರಿಯಬೇಕು. ಕಾರಿನ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವುದು ವಿಷ. ಇದು ಪ್ರೊಪಿಲೀನ್ ಗ್ಲೈಕಾಲ್, ಕುಡಿಯುವ ನೀರಿನ ಪೈಪಿಗೆ ಹಾಕಬಹುದಾದದ್ದು.

ಇಷ್ಟನ್ನೂ ಮಾಡಿದೆ. ಬಿಟ್ಟದ್ದು ಒಂದೇ: ಕ್ಯಾಂಪರಿನ ಹೊರಗೋಡೆಯಲ್ಲಿ ಸಣ್ಣ ಮುಚ್ಚಳದ ಹಿಂದೆ ಇನ್ನೊಂದು ಷವರ್ ಇತ್ತು, ಕೆಸರು ಕಾಲು ತೊಳೆಯುವುದಕ್ಕೆ. ಅದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಮಾಲೀಕರಿಗೆ ಹೇಳಲು ಮರೆತುಹೋಗಿತ್ತು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸಂಗತಿಯ ಬಲ ಎಷ್ಟೆಂದು ಅಳೆಯಲು ಜನ ಏನೆಲ್ಲ ಮಾಡಿದ್ದಾರೆ! ಫ್ಲಾರೆನ್ಸಿನಲ್ಲಿ 'ಅಕಾದೆಮಿಯಾ ದೆಲ್ ಚಿಮೆಂತೊ' ಎಂಬ ವಿದ್ವತ್ಸಭೆಯವರು ಲೋಹದ ಗುಂಡುಗಳಲ್ಲಿ ನೀರು ತುಂಬಿ, ಮುಚ್ಚಿ, ಹೆಪ್ಪುಗಟ್ಟಿಸಿ ನೋಡಿದರು. ಆ ಪ್ರಯೋಗಗಳ ಪುಸ್ತಕ 1667ರಲ್ಲಿ ಅಚ್ಚಾಯಿತು. 1780ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿದ್ದ ಬ್ರಿಟಿಷ್ ಫಿರಂಗಿದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್ ಇನ್ನೂ ಮುಂದೆ ಹೋದ. ಸಿಡಿಮದ್ದು ತುಂಬುವ ಕಬ್ಬಿಣದ ಗುಂಡುಗಳಿಗೆ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆ ಜಡಿದು, ರಾತ್ರಿಯ ಚಳಿಗೆ ಇಟ್ಟ. ಒಂದು ಬಿರಡೆ ನಾನೂರು ಅಡಿ ದೂರಕ್ಕೆ ಹಾರಿತು. ಮದ್ದಿಲ್ಲ, ಬೆಂಕಿಯಿಲ್ಲ. ಬರೀ ನೀರು, ಬರೀ ಚಳಿ.

ಇದನ್ನು ಓದಿದವರು ಮಂಜುಗಡ್ಡೆ ಪೈಪನ್ನು ಒಳಗಿನಿಂದ ಒತ್ತಿ ಸೀಳುತ್ತದೆ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು 1990ರ ದಶಕದಲ್ಲಿ ಪೈಪುಗಳನ್ನು ಹೆಪ್ಪುಗಟ್ಟಿಸಿ ನೋಡಿದಾಗ ಬೇರೆಯೇ ಕಂಡಿತು. ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಒಡೆಯಬೇಕೆಂದಿಲ್ಲ. ಗಡ್ಡೆ ಬೆಳೆಯುತ್ತ ಪೈಪಿಗೆ ಬಿರಡೆಯಾಗುತ್ತದೆ. ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ, ಇನ್ನೂ ಹೆಪ್ಪುಗಟ್ಟದ ನೀರಿನ ಒತ್ತಡ ಏರುತ್ತ ಹೋಗುತ್ತದೆ. ಆ ನೀರೇ ಪೈಪನ್ನು ಒಡೆಯುತ್ತದೆ. ನಲ್ಲಿ ಒಂದಿಷ್ಟು ತೆರೆದಿದ್ದರೆ ಆ ನೀರಿಗೆ ಹೋಗಲು ದಾರಿ ಇರುತ್ತದೆ, ಪೈಪು ಉಳಿಯುತ್ತದೆ. ನಾನು ಮರೆತ ಷವರ್ ಮುಚ್ಚಿತ್ತು.

ಏಪ್ರಿಲಿನಲ್ಲಿ ನೀರು ಹಾಯಿಸಿದಾಗ ಗೋಡೆಯ ಹಿಂದೆ ಮಳೆ ಸುರಿದಂತೆ ಸದ್ದಾಯಿತು. ನೀರು ನಿಲ್ಲಿಸುವಷ್ಟರಲ್ಲಿ ಪ್ಲೈವುಡ್ಡಿನ ನೆಲ ಕುಡಿದುಬಿಟ್ಟಿತ್ತು. ಮೇ ತಿಂಗಳಲ್ಲಿ ಮಾಲೀಕರೂ ಅವರ ಹೆಂಡತಿಯೂ ಉತ್ತರದ ಸರೋವರಗಳ ಕಡೆಗೆ ಹೊರಡುವವರಿದ್ದರು, ಮದುವೆಯಾದ ಹೊಸತರಲ್ಲಿ ಹೋಗಿದ್ದ ದಾರಿಯಲ್ಲೇ. ನೆಲ ಕಿತ್ತು ಹಾಸುವುದರಲ್ಲಿ ಬೇಸಿಗೆ ಮುಗಿಯಿತು. ಚಳಿಗಾಲದ ಹೊತ್ತಿಗೆ ಆಕೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ಮರುವರ್ಷ ಇನ್ನೊಂದು ಕಾಲಿಗೆ. ಈಗ ಆಕೆ ಕ್ಯಾಂಪರಿನ ಮೆಟ್ಟಿಲು ಹತ್ತುವುದಿಲ್ಲ. ಇಬ್ಬರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಾಡಿಗೆಯಲ್ಲಿ ಬಿಡುತ್ತೇನೆಂದಿದ್ದ ದುಡ್ಡನ್ನೂ ಬಿಟ್ಟರು. ಅದನ್ನು ವಾಪಸ್ ಕೊಡಲು ಹೋದರೆ, ಷವರ್ ಇದೆಯೆಂದು ಹೇಳದೆ ಹೋದದ್ದು ನಾನಲ್ಲವೇ ಎಂದರು. ಈಗಲೂ ಪ್ರತಿ ಅಕ್ಟೋಬರಿನಲ್ಲಿ ನಾವಿಬ್ಬರೂ ಎಲ್ಲಿಗೂ ಹೋಗದ ಆ ಬಂಡಿಯ ಪೈಪುಗಳನ್ನು ಊದುತ್ತೇವೆ. ಮೊದಲು ತೆರೆಯುವುದು ಹೊರಗಿನ ಷವರನ್ನು.

ಪೈಪುಗಳ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. ಮೊದಲು ತಾಮ್ರ. 1970ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ ಪಾಲಿಬ್ಯುಟಿಲೀನ್ ಎಂಬ ಬೂದುಬಣ್ಣದ ಅಗ್ಗದ ಪ್ಲಾಸ್ಟಿಕ್. ಅದು ಚಳಿಗಾಲವಿರಲಿ, ಬೇಸಿಗೆಯಲ್ಲೂ ಸೋರಿ, 1995ರಲ್ಲಿ ತಯಾರಕರು ಕನಿಷ್ಠ 950 ದಶಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಈಗಿನದು ಪೆಕ್ಸ್, ಹೆಪ್ಪುಗಟ್ಟಿದರೆ ತುಸು ಹಿಗ್ಗಿ ಸಹಿಸಿಕೊಳ್ಳುತ್ತದೆ, ಆದರೆ ಅದರ ಜೋಡಣೆಗಳು ಸಹಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಶ್ನೆ. ಪೈಪು ಖಾಲಿ ಮಾಡಿ ಬಾಗಿಲು ಹಾಕಿ ಬರಬೇಕೆಂದರೆ, ಬರಲು ಇನ್ನೊಂದು ಮನೆ ಇರಬೇಕಲ್ಲ?

ನನ್ನ ಪ್ರಬಂಧದ ಜನಕ್ಕೆ ಅದಿರಲಿಲ್ಲ. ಇಪ್ಸಿಲಾಂಟಿಯ ಹತ್ತಿರದ ವಿಲೋ ರನ್ ಎಂಬಲ್ಲಿ 1941ರಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳ ದೈತ್ಯ ಕಾರ್ಖಾನೆ ಕಟ್ಟತೊಡಗಿತು. 1943ರ ಹೊತ್ತಿಗೆ ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕೆಂಟಕಿ, ಟೆನೆಸ್ಸಿ ಕಡೆಯಿಂದ ಕುಟುಂಬ ಸಮೇತ ಬಂದವರು ಅವರಲ್ಲಿ ಅನೇಕರು. ಕಾರ್ಖಾನೆ ಇತ್ತು, ಮನೆಗಳಿರಲಿಲ್ಲ. ಸರ್ಕಾರ ಅಲ್ಲೊಂದು ಊರನ್ನೇ ಕಟ್ಟುತ್ತೇನೆಂದಾಗ ಫೋರ್ಡ್ ಕಂಪನಿಯೂ ಸ್ಥಳೀಯ ಆಸ್ತಿವಂತರೂ ವಿರೋಧಿಸಿದರು. ಜನ ಗ್ಯಾರೇಜುಗಳಲ್ಲಿ, ಗುಡಾರಗಳಲ್ಲಿ, ರಜೆಯ ಮೋಜಿಗೆಂದು ಮಾಡಿದ ಟ್ರೇಲರುಗಳಲ್ಲಿ ಮಿಶಿಗನ್ನಿನ ಚಳಿಗಾಲ ಕಳೆದರು. ಲೊವೆಲ್ ಕಾರ್ ಮತ್ತು ಜೇಮ್ಸ್ ಸ್ಟರ್ಮರ್ ಎಂಬ ಸಮಾಜಶಾಸ್ತ್ರಜ್ಞರು 1952ರಲ್ಲಿ ಈ ವಸತಿಯ ಬಗ್ಗೆ ಬರೆದ ಪುಸ್ತಕ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಬಾವಿಯ ಪಕ್ಕದಲ್ಲೇ ಕಕ್ಕಸು ಗುಂಡಿ, ಆ ನೀರು ಕುಡಿಯಲು ಯೋಗ್ಯವೇ ಎಂದು ಆರೋಗ್ಯ ಅಧಿಕಾರಿಗಳ ಆತಂಕ. 1943ರಲ್ಲಿ ಸರ್ಕಾರವೇ ಟ್ರೇಲರ್ ಬಡಾವಣೆ ಮಾಡಿದಾಗಲೂ ಸ್ನಾನ, ಶೌಚ, ಬಟ್ಟೆ ಒಗೆಯುವುದು ಎಲ್ಲರಿಗೂ ಸೇರಿದ ಕಟ್ಟಡದಲ್ಲಿ. ಅಲ್ಲಿಂದ ಮನೆಗೆ ನೀರು ಹೊತ್ತು ತರಬೇಕು. ಹಿಮದಲ್ಲಿ ಕೊಡ ಹೊತ್ತ ಹೆಂಗಸರನ್ನು ನೆನೆದಾಗೆಲ್ಲ ನನಗೆ ನಮ್ಮ ಓಣಿ ನೆನಪಾಗುತ್ತದೆ.

ಯುದ್ಧದ ಮೇಲೆ ಈ ವಂಶ ಎರಡಾಗಿ ಒಡೆಯಿತು. ವಿಸ್ಕಾನ್ಸಿನ್‌ನ ಎಲ್ಮರ್ ಫ್ರೇ 1950ರ ದಶಕದಲ್ಲಿ ಹತ್ತಡಿ ಅಗಲದ ಟ್ರೇಲರ್ ಮಾಡಿ ಅದನ್ನು 'ಮೊಬೈಲ್ ಹೋಮ್' ಎಂದು ಕರೆದ. ಹೆಸರಿನಲ್ಲಿ ಮೊಬೈಲ್, ಆದರೆ ಒಂದು ಸಲ ತಂದು ನಿಲ್ಲಿಸಿದರೆ ಮುಗಿಯಿತು. ಅದು ಬಡವರ ಮನೆಯಾಯಿತು. ಸಣ್ಣದಾಗಿ ಉಳಿದದ್ದು ರಜೆಯವರ ಬಂಡಿಯಾಯಿತು, ಚಳಿಗಾಲದಲ್ಲಿ ಖಾಲಿ ನಿಲ್ಲುತ್ತದೆ ಎಂಬ ಲೆಕ್ಕದಲ್ಲೇ ತೆಳುವಾಗಿ ಕಟ್ಟಿದ್ದು. ಮನೆ ಬಾಡಿಗೆ ಏರಿದಂತೆ ಈ ತೆಳು ಗೋಡೆಯ ಬಂಡಿಗಳಲ್ಲಿ ವರ್ಷವಿಡೀ ಬದುಕುವವರು ಮತ್ತೆ ಹೆಚ್ಚಿದ್ದಾರೆ. 2017ರಲ್ಲಿ ಬಂದ ಜೆಸ್ಸಿಕಾ ಬ್ರೂಡರ್ ಅವರ 'ನೊಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಗಾಲಿಮನೆಗಳಲ್ಲೇ ಬದುಕುತ್ತ ಕೆಲಸ ಹುಡುಕಿ ಅಲೆಯುವ ಮುಪ್ಪಿನವರಿದ್ದಾರೆ. ಗಾಡಿ ಓಡಿಸಿಕೊಂಡು ದಕ್ಷಿಣಕ್ಕೆ ಹೋಗಲಾಗದೆ, ಕೆಲಸ ಇಲ್ಲೇ ಇರುವುದರಿಂದ ಇಲ್ಲೇ ನಿಂತವರೂ ಇದ್ದಾರೆ.

ಅಂಥ ಒಬ್ಬರು ನನಗೆ ಗೊತ್ತು. ನಾನು ರಾತ್ರಿ ಓದುವ ಗ್ರಂಥಾಲಯದಲ್ಲಿ ಕಸ ಗುಡಿಸುವ ಹಿರಿಯ ಹೆಂಗಸು. ನಾನು ಹಳೆಯ ಟ್ರೇಲರುಗಳ ಚಿತ್ರ ಹರಡಿಕೊಂಡು ಕುಳಿತಿದ್ದನ್ನು ನೋಡಿ, "ನಾನಿರುವುದೂ ಇಂಥದ್ದರಲ್ಲೇ" ಎಂದರು. ಹೋದ ಜನವರಿಯಲ್ಲಿ ಅವರಲ್ಲಿಗೆ ಹೋಗಿದ್ದೆ. ಬಂಡಿಯ ಸುತ್ತ ಹುಲ್ಲಿನ ಪಿಂಡಿಗಳನ್ನು ಒಟ್ಟಿ ಕೆಳಗೆ ಗಾಳಿ ಹೊಗದಂತೆ ಮಾಡಿದ್ದರು. ಹೊರಗಿನ ನೀರಿನ ಪೈಪಿಗೆ ಬಿಸಿಯಾಗುವ ವಿದ್ಯುತ್ ತಂತಿ ಸುತ್ತಿ, ಮೇಲೆ ಹಳೆಯ ಕಂಬಳಿ ಕಟ್ಟಿದ್ದರು. ಈ ಸೀಮೆಯಲ್ಲಿ ಚಳಿ ನೆಲದೊಳಗೆ 42 ಇಂಚು ಇಳಿಯುತ್ತದೆಂದು ಲೆಕ್ಕ ಹಿಡಿದು ಅಡಿಪಾಯ ತೋಡುತ್ತಾರೆ. ಅವರ ಪೈಪು ನೆಲದ ಮೇಲಿತ್ತು. ಕರೆಂಟು ಹೋದ ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದೆ. "ಎದ್ದಿರುತ್ತೇನೆ" ಎಂದರು.

ಕಾಫಿ ಕೊಟ್ಟರು. ಸಿಂಕಿನ ನಲ್ಲಿಯಿಂದ ದಾರದಷ್ಟು ಸಣ್ಣಗೆ ನೀರು ಸುರಿಯುತ್ತಲೇ ಇತ್ತು. ಬೆಳೆದ ಮನೆಯ ರೂಢಿ. ಸೋರುವ ನಳ ಕಂಡರೆ ಕೈ ಸುಮ್ಮನಿರುವುದಿಲ್ಲ. ಮಾತಾಡುತ್ತಲೇ ಎದ್ದು ಅದನ್ನು ತಿರುಗಿಸಲು ಹೋದೆ. ಅವರು ಕಾಫಿ ಬಟ್ಟಲು ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದರು.

"ಬೇಡ, ಮುಚ್ಚಬೇಡ" ಎಂದರು.